ಕಂಪ್ಯೂಟರಿನ ಚಿತ್ರ ಟೀವಿ ಪರದೆಗೆ: ವೈರ್ ಕೊಳ್ಳುವ ಮುನ್ನ ಸಾಕೆಟ್ ನೋಡಿ

ವಾರ್ಷಿಕ ಮಹಾಸಭೆಯ ಲೆಕ್ಕಪತ್ರ, ನಾಡಹಬ್ಬದ ಹಳೆಯ ಫೋಟೋಗಳು, ಅಗಲಿದ ಹಿರಿಯ ಸದಸ್ಯರ ಸ್ಮರಣೆಯ ಚಿತ್ರಿಕೆ, ಊರಿನ ಬ್ರಹ್ಮಕಲಶೋತ್ಸವದ ನೇರಪ್ರಸಾರ - ಇವೆಲ್ಲವನ್ನೂ ಸಂಘದ ಸದಸ್ಯರು ಒಟ್ಟಿಗೆ ಕುಳಿತು ನೋಡುವುದು ಈಗ ಸಾಮಾನ್ಯ. ಪ್ರೊಜೆಕ್ಟರ್ ಬಾಡಿಗೆಗೆ ತರುವ ಬದಲು ಕಚೇರಿಯ ಟೀವಿಗೇ ಲ್ಯಾಪ್‌ಟಾಪ್ ಜೋಡಿಸಿದರೆ ಖರ್ಚು ಉಳಿಯುತ್ತದೆ. ಆದರೆ ಅತಿಥಿಗಳು ವೇದಿಕೆ ಏರಿದ ಮೇಲೆ ವೈರ್ ಹುಡುಕಲು ಹೊರಟರೆ ಅದು ಯುದ್ಧಕಾಲದ ಶಸ್ತ್ರಾಭ್ಯಾಸವೇ ಸರಿ. ಕಂಪ್ಯೂಟರ್ ಮತ್ತು ಟೀವಿ ಎರಡರ ಸಾಕೆಟ್‌ಗಳನ್ನೂ ಮೊದಲೇ ನೋಡಿಟ್ಟುಕೊಂಡರೆ ಈ ಪರದಾಟ ತಪ್ಪುತ್ತದೆ.

ಎರಡರಲ್ಲೂ ಎಚ್‌ಡಿಎಂಐ ಸಾಕೆಟ್ ಇದ್ದರೆ ಕೆಲಸ ಅತಿ ಸುಲಭ. 2002ರ ಕೊನೆಯಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಚಿತ್ರ ಮತ್ತು ಧ್ವನಿ ಒಂದೇ ವೈರಿನಲ್ಲಿ ಸಾಗುತ್ತವೆ. ವೈರ್ ಜೋಡಿಸಿ, ಟೀವಿ ರಿಮೋಟಿನ 'ಸೋರ್ಸ್' ಬಟನ್ ಒತ್ತಿ ಆ ಸಾಕೆಟ್ಟಿನ ಸಂಖ್ಯೆ ಆರಿಸಿದರಾಯಿತು. ವಿಂಡೋಸ್ ಕಂಪ್ಯೂಟರಿನಲ್ಲಿ ವಿಂಡೋಸ್ ಕೀಲಿಯ ಜೊತೆ 'ಪಿ' ಒತ್ತಿದರೆ ಚಿತ್ರ ಎಲ್ಲಿ ಬರಬೇಕೆಂಬ ಆಯ್ಕೆಗಳು ಕಾಣುತ್ತವೆ. ಚಿತ್ರದ ಅಂಚು ಕತ್ತರಿಸಿದಂತೆ ಕಂಡರೆ ದೋಷ ಕಂಪ್ಯೂಟರಿನದ್ದಲ್ಲ. ಟೀವಿಯ ಚಿತ್ರದ ಅಳತೆಯನ್ನು 'ಜಸ್ಟ್ ಸ್ಕ್ಯಾನ್' ಅಥವಾ 'ಸ್ಕ್ರೀನ್ ಫಿಟ್' ಎಂಬುದಕ್ಕೆ ಬದಲಿಸಬೇಕು.

ಹಳೆಯ ಕಂಪ್ಯೂಟರಿನಲ್ಲಿ 15 ಪಿನ್ನಿನ ವಿಜಿಎ ಸಾಕೆಟ್ ಮಾತ್ರ ಇರಬಹುದು. 1987ರಲ್ಲಿ ಐಬಿಎಂ ಕಂಪನಿ ತಂದ ಈ ಸಾಕೆಟ್ಟಿನಲ್ಲಿ ಧ್ವನಿ ಬರುವುದಿಲ್ಲ. ಟೀವಿಯಲ್ಲಿಯೂ ವಿಜಿಎ ಇದ್ದರೆ ನೇರ ವೈರ್ ಸಾಕು, ಧ್ವನಿಗೆ ಇಯರ್‌ಫೋನ್ ತೂತಿನಿಂದ ಬೇರೆ ವೈರ್ ಎಳೆಯಬೇಕು. ಟೀವಿಯಲ್ಲಿ ಎಚ್‌ಡಿಎಂಐ ಮಾತ್ರ ಇದ್ದರೆ 'ವಿಜಿಎಯಿಂದ ಎಚ್‌ಡಿಎಂಐ' ಕನ್ವರ್ಟರ್ ಬೇಕು. ಎರಡು ತುದಿಗೆ ಎರಡು ಬಗೆಯ ಪಿನ್ ಬೆಸೆದ ಬರೀ ವೈರ್ ಇಲ್ಲಿ ಪ್ರಯೋಜನಕ್ಕೆ ಬಾರದು. ಒಂದು ಅನಲಾಗ್, ಇನ್ನೊಂದು ಡಿಜಿಟಲ್. ನಡುವೆ ಪರಿವರ್ತಿಸುವ ಚಿಪ್ ಇರಲೇಬೇಕು. ಕನ್ವರ್ಟರ್ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ ಎಂಬುದೂ ನೆನಪಿರಲಿ. 'ಎಚ್‌ಡಿಎಂಐಯಿಂದ ವಿಜಿಎ' ಎಂಬುದನ್ನು ತಂದು ತಿರುಗಿಸಿ ಚುಚ್ಚಿದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ.

ಇನ್ನು ಪಿಕ್ಚರ್ ಟ್ಯೂಬಿನ ಹಳೆಯ ಟೀವಿ. ಅದರಲ್ಲಿ ಹಳದಿ, ಬಿಳಿ, ಕೆಂಪು ಸಾಕೆಟ್‌ಗಳಿರುತ್ತವೆ. ಹಳದಿ ಚಿತ್ರಕ್ಕೆ, ಉಳಿದೆರಡು ಧ್ವನಿಗೆ. ಇದಕ್ಕೆ 'ಎಚ್‌ಡಿಎಂಐಯಿಂದ ಎವಿ' ಎಂಬ ಚಿಕ್ಕ ಪೆಟ್ಟಿಗೆ ಸಿಗುತ್ತದೆ. ಅದಕ್ಕೆ ಯುಎಸ್‌ಬಿ ಮೂಲಕ ವಿದ್ಯುತ್ ಕೊಡಬೇಕು. ಪಕ್ಕದ ಸ್ವಿಚ್ ನಮ್ಮ ದೇಶದ ಪದ್ಧತಿಯಾದ 'ಪಾಲ್' ಕಡೆಗಿರಬೇಕು. ಪಾಲ್ ಪದ್ಧತಿಯ 625 ಗೆರೆಗಳಲ್ಲಿ ಚಿತ್ರ ಮೂಡಿಸುವುದು 576 ಮಾತ್ರ. ಹಾಗಾಗಿ ಯಕ್ಷಗಾನದ ವೀಡಿಯೋ ಚೆನ್ನಾಗಿ ಕಂಡರೂ ಲೆಕ್ಕಪತ್ರದ ಸಣ್ಣ ಅಂಕಿಗಳು ಮಸುಕಾಗುತ್ತವೆ. ಸಂಘದ ಹಳೆಯ ವಿಸಿಆರನ್ನು ಹೊಸ ಟೀವಿಗೆ ಜೋಡಿಸಲು ಬೇಕಾದ 'ಎವಿಯಿಂದ ಎಚ್‌ಡಿಎಂಐ' ಪೆಟ್ಟಿಗೆಯೂ ನೋಡಲು ಹೀಗೆಯೇ ಇರುತ್ತದೆ. ಮೇಲಿನ ಬರಹ ಓದಿಯೇ ಕೊಳ್ಳಿ.

ಈಚಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಯುಎಸ್‌ಬಿ-ಸಿ ತೂತು ಮಾತ್ರ ಇರುವುದುಂಟು. ಅದಕ್ಕೆ ಅಡಾಪ್ಟರ್ ಸಿಗುತ್ತದೆ. ಆದರೆ ಎಲ್ಲ ಯುಎಸ್‌ಬಿ-ಸಿ ತೂತುಗಳಿಂದಲೂ ಚಿತ್ರ ಹೊರಬರುವುದಿಲ್ಲ; ಕೆಲವು ಚಾರ್ಜಿಂಗ್ ಮತ್ತು ಫೈಲ್ ಸಾಗಾಟಕ್ಕಷ್ಟೇ ಸೀಮಿತ. ಲ್ಯಾಪ್‌ಟಾಪಿನ ಕೈಪಿಡಿಯಲ್ಲಿ 'ಡಿಸ್‌ಪ್ಲೇಪೋರ್ಟ್' ಬೆಂಬಲದ ಉಲ್ಲೇಖ ಇದೆಯೇ ನೋಡಿಕೊಳ್ಳಬೇಕು. ಟೀವಿಯ ಹಿಂದಿರುವ ಯುಎಸ್‌ಬಿ ತೂತಾದರೋ ಪೆನ್ ಡ್ರೈವಿಗಾಗಿ ಇರುವಂಥದ್ದು. ಅದಕ್ಕೆ ಲ್ಯಾಪ್‌ಟಾಪ್ ಜೋಡಿಸಿದರೆ ಚಿತ್ರ ಬಾರದು. ಬರೀ ಫೋಟೋ ಅಥವಾ ಒಂದು ವೀಡಿಯೋ ತೋರಿಸುವುದಿದ್ದರೆ ಪೆನ್ ಡ್ರೈವಿಗೆ ಹಾಕಿ ಅಲ್ಲಿ ಚುಚ್ಚಿದರೆ ಕಂಪ್ಯೂಟರೇ ಬೇಕಿಲ್ಲ.

ವೈರ್ ಇಲ್ಲದೆಯೂ ಚಿತ್ರ ಕಳಿಸಬಹುದು. ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್ ಕೀಲಿಯೊಡನೆ 'ಕೆ' ಒತ್ತಿದರೆ ಮಿರಾಕಾಸ್ಟ್ ಇರುವ ಟೀವಿಗಳು ಕಾಣುತ್ತವೆ. ಇದಕ್ಕೆ ಇಂಟರ್‌ನೆಟ್ ಬೇಡ. ಆಪಲ್ ಕಂಪ್ಯೂಟರುಗಳದ್ದು ಏರ್‌ಪ್ಲೇ. ಗೂಗಲ್ 2013ರಲ್ಲಿ ತಂದ ಕ್ರೋಮ್‌ಕಾಸ್ಟ್ ಸಾಧನದ ತಯಾರಿ 2024ರಲ್ಲಿ ನಿಂತಿತಾದರೂ ಆ ಸೌಲಭ್ಯ ಗೂಗಲ್ ಟೀವಿಗಳ ಒಳಗೇ ಇದೆ. ಮನೆಗೆ ಇವೆಲ್ಲ ಅನುಕೂಲ. ಆದರೆ ನೂರಾರು ಮೊಬೈಲುಗಳಿರುವ ಸಭಾಗೃಹದಲ್ಲಿ ವೈ-ಫೈ ತಡವರಿಸುವುದರಿಂದ ಅಲ್ಲಿ ವೈರನ್ನೇ ನಂಬುವುದು ಲೇಸು. ವೇದಿಕೆಯಿಂದ ಟೀವಿ ಬಹುದೂರವಿದ್ದರೆ ಸಾಮಾನ್ಯ ಎಚ್‌ಡಿಎಂಐ ವೈರಿನಲ್ಲಿ ಚಿತ್ರ ಮಿನುಗತೊಡಗುತ್ತದೆ. ಆಗ ನೆಟ್‌ವರ್ಕ್ ವೈರ್ ಮೂಲಕ ಚಿತ್ರ ಸಾಗಿಸುವ 'ಎಕ್ಸ್‌ಟೆಂಡರ್' ಜೋಡಿಯನ್ನು ಬಳಸಬಹುದು.

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚಿ ಸ್ಟ್ರೀಟ್, ದಿಲ್ಲಿಯ ನೆಹರು ಪ್ಲೇಸ್‌ಗಳಲ್ಲಿ ಈ ಸಾಮಾನುಗಳು ಸಿಗುತ್ತವೆ. ಹೋಗುವ ಮುನ್ನ ಎರಡೂ ಸಾಕೆಟ್‌ಗಳ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡು ಅಂಗಡಿಯವರಿಗೆ ತೋರಿಸಿ. ಸಾಧ್ಯವಾದರೆ ಲ್ಯಾಪ್‌ಟಾಪನ್ನೇ ಒಯ್ದು, ಅಲ್ಲಿಯೇ ಚಿತ್ರ ಬರುವುದನ್ನು ಕಂಡು ಹಣ ಕೊಡಿ.

ಕೊನೆಯದಾಗಿ ಪದಾಧಿಕಾರಿಗಳಲ್ಲಿ ಒಂದು ಅರಿಕೆ. ಕಾರ್ಯಕ್ರಮದ ಹಿಂದಿನ ದಿನ ಅದೇ ಲ್ಯಾಪ್‌ಟಾಪ್, ಅದೇ ಟೀವಿ, ಅದೇ ವೈರ್ ಜೋಡಿಸಿ ಚಿತ್ರದ ಜೊತೆ ಧ್ವನಿಯನ್ನೂ ಪರೀಕ್ಷಿಸಿ. ವಾಟ್ಸ್ಆ್ಯಪ್ ಮುಚ್ಚಿಡಿ, ಶ್ರದ್ಧಾಂಜಲಿಯ ನಡುವೆ ಯಾರದೋ ಖಾಸಗಿ ಸಂದೇಶ ಸಭೆಯೆದುರು ತೇಲಿಬರುವುದು ಬೇಡ. ಎಚ್‌ಡಿಎಂಐ ವೈರ್, ಎರಡು ಕನ್ವರ್ಟರ್, ಧ್ವನಿಯ ವೈರ್ - ಒಂದೊಂದಕ್ಕೂ ಕನ್ನಡದಲ್ಲಿ ಹೆಸರು ಬರೆದ ಚೀಟಿ ಅಂಟಿಸಿ ಒಂದೇ ಚೀಲದಲ್ಲಿಟ್ಟು, ಅದರ ಹೊಣೆಯನ್ನು ಯುವ ವಿಭಾಗದ ಒಬ್ಬ ಸದಸ್ಯರಿಗೆ ವಹಿಸಿದರೆ ಮುಂದಿನ ಸಮಿತಿಗೂ ಅದು ಉಪಯೋಗಕ್ಕೆ ಬರುತ್ತದೆ.