ಹಳೇ ಕಾರು ಸರಿ, ಯಾರ ಹೆಸರಲ್ಲಿದೆ?

ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಬಸ್ಸಿನಲ್ಲಿ ನೇತಾಡಿ ಸಾಕಾದವರಿಗೆ ಮೊದಲು ಹೊಳೆಯುವುದು ಸೆಕೆಂಡ್ ಹ್ಯಾಂಡ್ ಕಾರು. ಅವರ ಮೊದಲ ಪ್ರಶ್ನೆಯೂ ಒಂದೇ. "ಎಷ್ಟು ಓಡಿದೆ ಸ್ವಾಮಿ?" ಲಕ್ಷ ಕಿಲೋಮೀಟರ್ ದಾಟಿದೆ ಎಂದರೆ ಮುಖ ಸಪ್ಪಗಾಗುತ್ತದೆ.

ಲಕ್ಷ ಓಡಿದ್ದು ಪಾಪವಲ್ಲ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿಕೊಂಡು ಓಡಿದ ಇಂಜಿನ್, ಮನೆ ಮುಂದೆ ಧೂಳು ತಿಂದು ನಿಂತ ಇಂಜಿನ್ನಿಗಿಂತ ಎಷ್ಟೋ ವಾಸಿ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತರೂ ಕಾರು ಇನ್ನೂ ರಸ್ತೆಯಲ್ಲಿದೆ. ಹಳೇ ಕಾರಿನ ಬಿಡಿಭಾಗಕ್ಕೆ ಶಿವಾಜಿನಗರದ ಗುಜರಿ ಅಂಗಡಿಗಳು ಮೊದಲೇ ಹೆಸರುವಾಸಿ.

ಮೀಟರ್ ಹಿಂದಕ್ಕೆ ತಿರುಗಿಸುವ ಕೈಚಳಕವೂ ಹಳೆಯದೇ. ಮೀಟರ್ 40,000 ಎಂದು, ಕ್ಲಚ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿದ್ದರೆ ಪೆಡಲನ್ನೇ ನಂಬಿ. ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಂದರೆ ಅದು ಆಯಿಲ್ ಕುಡಿಯುತ್ತಿದೆ ಎಂದರ್ಥ.

ದೊಡ್ಡ ಪೆಟ್ಟು ಬೀಳುವುದು ಕಾಗದದಲ್ಲಿ. ಬೀಗದ ಕೈ ಸಿಕ್ಕ ಮಾತ್ರಕ್ಕೆ ಕಾರು ನಿಮ್ಮದಾಗದು. 29 ಮತ್ತು 30ನೇ ನಮೂನೆ ತುಂಬಿ ಆರ್.ಟಿ.ಓ.ದಲ್ಲಿ ಹೆಸರು ಬದಲಾಗಬೇಕು. ಇಂದಿರಾನಗರದ್ದು ಕೆ.ಎ. 03, ಕೆ.ಆರ್. ಪುರದ್ದು ಕೆ.ಎ. 53. ವಿಮೆಯನ್ನೂ 14 ದಿನದೊಳಗೆ ಬದಲಿಸಿಕೊಳ್ಳಿ. ಇಲ್ಲವಾದರೆ ಕಾರು ಜಜ್ಜಿದಾಗ ರಿಪೇರಿ ದುಡ್ಡಿಗೆ ಸಂಚಕಾರ.

ಮಾರುವವರೂ ಮೈಮರೆಯುವಂತಿಲ್ಲ. ಅಪಘಾತವಾದರೆ ಹೊಣೆ ಆರ್.ಸಿ.ಯಲ್ಲಿ ಹೆಸರಿರುವವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹಲಸೂರಿನ ಅಂಗಡಿಯವರು ಮಾರಿದ ಕಾರು ಎಲ್ಲೋ ಗುದ್ದಿದರೆ ನೋಟೀಸು ಹಲಸೂರಿಗೇ ಬಂದೀತು!

ಕಿಲೋಮೀಟರ್ ಕೇಳಿ, ತಪ್ಪಿಲ್ಲ. ಅದಕ್ಕೂ ಮೊದಲು ಹೆಸರು ಕೇಳಿ.