ಎಂಜಿನ್ನಿನ ನಿಜವಾದ ಕಂಪ್ರೆಷನ್ ಎಷ್ಟು?

ಮುಂಬಯಿ ಕಡೆಯ ವಿಠ್ಠಲವಾಡಿ ಸ್ಟೇಷನ್ನಿನ ಹತ್ತಿರದ ಗ್ಯಾರೇಜೊಂದರಲ್ಲಿ ಕಂಡದ್ದು ಇನ್ನೂ ತಲೆಯಲ್ಲಿ ಗಿರಗಿರ ತಿರುಗುತ್ತಿದೆ. 350 ಸಿಸಿ ಬುಲೆಟ್ಟಿನ ಕ್ರ್ಯಾಂಕ್ ತುದಿಗೆ ಡಿಗ್ರಿ ಬರೆದ ತಟ್ಟೆ, ಇನ್‌ಲೆಟ್ ವಾಲ್ವಿನ ಮೇಲೆ ಡಯಲ್ ಗೇಜ್. ವಿಜಯಪುರ ಕಡೆಯ ಮೆಕ್ಯಾನಿಕ್ ಕ್ರ್ಯಾಂಕನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾ ಹೇಳಿದರು: “ವಾಲ್ವ್ ಮುಚ್ಚೂತನಕ ಪಿಸ್ಟನ್ ಏರಿದ್ದು ಲೆಕ್ಕಕ್ಕಿಲ್ರೀ.”

ಇದೇ ಡೈನಮಿಕ್ ಕಂಪ್ರೆಷನ್ನಿನ ಸಾರ. ಪಿಸ್ಟನ್ ಕೆಳತುದಿ ಮುಟ್ಟಿ ಮೇಲೇರತೊಡಗಿದರೂ ಇನ್‌ಲೆಟ್ ವಾಲ್ವ್ ಇನ್ನಷ್ಟು ಹೊತ್ತು ತೆರೆದೇ ಇರುತ್ತದೆ. ಅದು ಮುಚ್ಚುವಾಗ ಪಿಸ್ಟನ್ ಎಲ್ಲಿತ್ತೋ ಅಲ್ಲಿಂದ ಮೇಲಿನ ದಾರಿಯಷ್ಟೇ ಕಂಪ್ರೆಷನ್.

ಲೆಕ್ಕ ಹಾಕೋಣ. ಸ್ಟ್ರೋಕ್ 90 ಮಿ.ಮೀ., ಪುಸ್ತಕದಲ್ಲಿ ಕೊಟ್ಟ ಕಂಪ್ರೆಷನ್ ಅನುಪಾತ 8.5. ಕನೆಕ್ಟಿಂಗ್ ರಾಡ್ 180 ಮಿ.ಮೀ. ಎಂದಿಟ್ಟುಕೊಳ್ಳಿ. ಕೆಳತುದಿ ದಾಟಿ 60 ಡಿಗ್ರಿಗೆ ವಾಲ್ವ್ ಮುಚ್ಚಿದರೆ ಉಳಿಯುವ ದಾರಿ ಸುಮಾರು 71.8 ಮಿ.ಮೀ. 8.5ರಲ್ಲಿ ಒಂದು ಕಳೆದು, 71.8/90ರಿಂದ ಗುಣಿಸಿ, ಮತ್ತೆ ಒಂದು ಕೂಡಿಸಿದರೆ ಸುಮಾರು 7. ತಡವಾಗಿ, 75 ಡಿಗ್ರಿಗೆ ವಾಲ್ವ್ ಮುಚ್ಚಿಸುವ ಕ್ಯಾಮ್ ಹಾಕಿದರೆ 6.2ಕ್ಕೆ ಇಳಿಯುತ್ತದೆ.

ಆದರೆ ‘ಮುಚ್ಚಿತು’ ಎನ್ನುವುದು ಯಾವಾಗ? ನನ್ನನ್ನು ಬಿಡದೆ ಕಾಡಿದ ಪ್ರಶ್ನೆ ಇದು. ಕ್ಯಾಮ್ ವಾಲ್ವನ್ನು ಸೀಟಿನ ಮೇಲೆ ಮೆಲ್ಲಗೆ ಇಳಿಸುತ್ತದೆ. ಕ್ಯಾಮ್ ಜೊತೆ ಬರುವ ಕೆಲವು ಕಾರ್ಡುಗಳಲ್ಲಿ ಇನ್ನೂ 1 ಮಿ.ಮೀ. ಎತ್ತರವಿರುವಾಗಿನ ಡಿಗ್ರಿ ಇರುತ್ತದೆ, ಕೆಲವುಗಳಲ್ಲಿ 1.27 ಮಿ.ಮೀ. ಇರುವಾಗಿನದು. ಸೀಟಿನಲ್ಲಿ 60 ಇದ್ದದ್ದು ಕಾರ್ಡಿನಲ್ಲಿ 40 ಆದರೆ ಅದೇ ಎಂಜಿನ್ 7.8 ಎಂದು ತೋರುತ್ತದೆ! ಯಾವ ಎತ್ತರದಲ್ಲಿ ಅಳೆದದ್ದೆಂದು ಹೇಳದ ಡಿಗ್ರಿಯನ್ನು ನಾನು ನಂಬುವುದಿಲ್ಲ. ತಟ್ಟೆ ಕಟ್ಟಿ ಅಳೆದದ್ದೇ ಸತ್ಯ.

ವಾಲ್ವ್ ತಡವಾಗಿ ಮುಚ್ಚುವುದೇನೂ ತಪ್ಪಲ್ಲ. ವೇಗ ಹೆಚ್ಚಿದಾಗ ಒಳನುಗ್ಗುವ ಗಾಳಿ ತನ್ನ ರಭಸಕ್ಕೇ ಸಿಲಿಂಡರ್ ತುಂಬುತ್ತದೆ. ಕಂಪ್ರೆಷನ್ನಿಗಿಂತ ಹಿಗ್ಗುವ ದಾರಿ ಉದ್ದವಾಗಿದ್ದರೆ ಇಂಧನ ಉಳಿಯುತ್ತದೆಂದು 1880ರ ದಶಕದಲ್ಲೇ ಜೇಮ್ಸ್ ಅಟ್ಕಿನ್ಸನ್ ಸಂಧಿಕೋಲುಗಳ ಎಂಜಿನ್ ಮಾಡಿ ತೋರಿಸಿದ್ದರು. ಅದೇ ಲಾಭವನ್ನು ವಾಲ್ವಿನ ಸಮಯದಿಂದಲೇ ಪಡೆಯುವ ದಾರಿಗೆ ರಾಲ್ಫ್ ಮಿಲ್ಲರ್ ಹೆಸರು ಅಂಟಿಕೊಂಡಿದೆ. ಅವರ ಅಮೆರಿಕದ ಪೇಟೆಂಟ್ 1957ರದ್ದು. ಇಂದು ನಮ್ಮ ಬಿಡದಿಯಲ್ಲಿ ಸಿದ್ಧವಾಗುವ ಟೊಯೊಟಾ ಹೈಬ್ರಿಡ್ ಕಾರುಗಳೂ ಈ ತತ್ತ್ವದವೇ.

ಬೈಕ್ ಸವಾರರಿಗೆ ಇದರಿಂದ ಹಣವೂ ಉಳಿದೀತು. ಕ್ಯಾಮ್ ಬದಲಿಸಿದ ಮೇಲೆ ಕಂಪ್ರೆಷನ್ ಗೇಜ್ ಕಡಿಮೆ ತೋರಿದರೆ ರಿಂಗ್ ಸವೆದಿದೆಯೆಂದು ಬೋರಿಂಗಿಗೆ ಕೊಡುವವರಿದ್ದಾರೆ. ಕಿಕ್ಕರ್ ಒದೆಯುವ ವೇಗದಲ್ಲಿ ಗಾಳಿಗೆ ಆ ರಭಸವಿರುವುದಿಲ್ಲ. ತಡವಾಗಿ ಮುಚ್ಚುವ ವಾಲ್ವಿನಿಂದ ಅದು ಹಿಂದಕ್ಕೇ ಹೋಗುತ್ತದೆ. ಸಿಲಿಂಡರಿಗೆ ಕೈ ಹಾಕುವ ಮೊದಲು ವಾಲ್ವ್ ಎಷ್ಟು ಡಿಗ್ರಿಗೆ ಮುಚ್ಚುತ್ತಿದೆಯೆಂದು ಅಳೆಸಿ.