ಹೀಬ್ರೂ ಅಕ್ಷರಮಾಲೆ

ಹೀಬ್ರೂ ಅಕ್ಷರಮಾಲೆಯು ಹೀಬ್ರೂ ಭಾಷೆಯನ್ನು ಬರೆಯಲು ಬಳಸುವ 22 ಅಕ್ಷರಗಳ ಲಿಪಿವ್ಯವಸ್ಥೆಯಾಗಿದೆ. ಮೊದಲ ಎರಡು ಅಕ್ಷರಗಳ ಹೆಸರಿನಿಂದ ಇದನ್ನು 'ಆಲೆಫ್-ಬೇತ್' ಎಂದು ಕರೆಯುತ್ತಾರೆ. ಇದನ್ನು ಬಲದಿಂದ ಎಡಕ್ಕೆ ಬರೆಯಲಾಗುತ್ತದೆ. ಯಿಡ್ಡಿಶ್ ಮತ್ತು ಲಡೀನೊ ಭಾಷೆಗಳನ್ನೂ ಯೆಹೂದಿಗಳು ಇದೇ ಲಿಪಿಯಲ್ಲಿ ಬರೆದಿದ್ದಾರೆ.

ಉಗಮ

ಪ್ರಾಚೀನ ಹೀಬ್ರೂ ಬರಹವು ಫಿನೀಷಿಯನ್ ಲಿಪಿಗೆ ಹತ್ತಿರವಾಗಿತ್ತು. ಕ್ರಿ.ಪೂ. 6ನೆಯ ಶತಮಾನದ ಬ್ಯಾಬಿಲೋನಿಯ ಸೆರೆವಾಸದ ನಂತರ ಯೆಹೂದಿಗಳು ಕ್ರಮೇಣ ಅರಾಮಿಕ್ ಲಿಪಿಯನ್ನು ಅಳವಡಿಸಿಕೊಂಡರು. ಅದರಿಂದ ಬೆಳೆದ 'ಚೌಕ ಲಿಪಿ'ಯೇ ಇಂದಿನ ಮುದ್ರಿತ ರೂಪ. ಹಳೆಯ ಲಿಪಿಯಿಂದ ಬಂದ ಬರಹವನ್ನು ಸಮಾರಿಯದವರು ಈಗಲೂ ಉಳಿಸಿಕೊಂಡಿದ್ದಾರೆ.

ಅಕ್ಷರಗಳು

ಅಕ್ಷರಗಳ ಕ್ರಮ ಹೀಗಿದೆ: ಆಲೆಫ್, ಬೇತ್, ಗಿಮೆಲ್, ದಾಲೆತ್, ಹೇ, ವಾವ್, ಝಾಯಿನ್, ಖೇತ್, ತೇತ್, ಯೋದ್, ಕಾಫ್, ಲಾಮೆದ್, ಮೇಮ್, ನೂನ್, ಸಾಮೆಖ್, ಆಯಿನ್, ಪೇ, ತ್ಸಾದಿ, ಕೋಫ್, ರೇಶ್, ಶಿನ್, ತಾವ್.

ಎಲ್ಲ ಅಕ್ಷರಗಳೂ ಮೂಲತಃ ವ್ಯಂಜನಗಳು. ಕನ್ನಡದ 'ಕ' ಅಕ್ಷರದಲ್ಲಿ ಅಕಾರವು ಸೇರಿಕೊಂಡೇ ಇರುತ್ತದೆ. ಹೀಬ್ರೂವಿನ ಕಾಫ್ ಅಕ್ಷರವು ಕೇವಲ 'ಕ್' ಆಗಿದ್ದು, ಸ್ವರವನ್ನು ಓದುಗನೇ ತುಂಬಿಕೊಳ್ಳಬೇಕಾಗುತ್ತದೆ. ಕಾಫ್, ಮೇಮ್, ನೂನ್, ಪೇ ಮತ್ತು ತ್ಸಾದಿ ಎಂಬ ಐದು ಅಕ್ಷರಗಳು ಪದದ ಕೊನೆಯಲ್ಲಿ ಬೇರೆ ರೂಪ ತಾಳುತ್ತವೆ. ಇವುಗಳಲ್ಲಿ ಮೇಮ್ ಮುಚ್ಚಿದ ಚೌಕವಾಗುತ್ತದೆ. ಉಳಿದ ನಾಲ್ಕು ಸಾಲಿನ ಕೆಳಗೆ ಇಳಿಯುತ್ತವೆ.

ಬೇತ್, ಕಾಫ್, ಪೇ ಅಕ್ಷರಗಳ ಒಳಗೆ 'ದಾಗೇಶ್' ಎಂಬ ಚುಕ್ಕೆ ಇದ್ದರೆ ಅವು ಬ್, ಕ್, ಪ್ ಎಂದೂ, ಇಲ್ಲದಿದ್ದರೆ ವ್, ಖ್, ಫ್ ಎಂದೂ ಉಚ್ಚಾರವಾಗುತ್ತವೆ. ಇಲ್ಲಿನ ಖ್ ಗಂಟಲಿನಲ್ಲಿ ಉಜ್ಜಿ ಹೊರಡುವ ಧ್ವನಿ. ಶಿನ್ ಅಕ್ಷರದ ಮೇಲಿನ ಚುಕ್ಕೆ ಬಲಕ್ಕಿದ್ದರೆ ಶ್, ಎಡಕ್ಕಿದ್ದರೆ ಸ್.

ಹೋಲುವ ಅಕ್ಷರಗಳು

ಕಲಿಯುವವರಿಗೆ ಅಕ್ಷರಗಳ ಸಂಖ್ಯೆಗಿಂತ ಅವುಗಳ ಹೋಲಿಕೆಯೇ ಹೆಚ್ಚಿನ ತೊಡಕು. ಬೇತ್‌ನ ತಳರೇಖೆ ಬಲಕ್ಕೆ ಚಾಚಿದೆ, ಕಾಫ್‌ನ ಮೂಲೆ ದುಂಡಗಿದೆ. ಹೇ ಅಕ್ಷರದ ಎಡಗಾಲು ಮೇಲಿನ ಗೆರೆಯನ್ನು ಮುಟ್ಟುವುದಿಲ್ಲ, ಖೇತ್‌ನದು ಮುಟ್ಟುತ್ತದೆ, ತಾವ್‌ನ ಎಡಗಾಲಿಗೆ ಸಣ್ಣ ಪಾದವಿದೆ. ಸಾಮೆಖ್ ದುಂಡಗಿದ್ದರೆ ಪದಾಂತ್ಯದ ಮೇಮ್ ಚೌಕವಾಗಿದೆ.

ದಾಲೆತ್‌ನ ಮೇಲ್ಮೂಲೆ ಚೂಪು, ರೇಶ್‌ನದು ದುಂಡು. ಈ ಅಲ್ಪ ವ್ಯತ್ಯಾಸವು ಅರ್ಥವನ್ನೇ ಬದಲಿಸಬಲ್ಲದು. 'ಎಖಾದ್' ಎಂದರೆ ಒಂದು, 'ಅಖೇರ್' ಎಂದರೆ ಬೇರೊಂದು. ಸ್ವರಚಿಹ್ನೆಗಳಿಲ್ಲದೆ ಬರೆದಾಗ ಇವೆರಡೂ ಕೊನೆಯ ಅಕ್ಷರದಲ್ಲಿ ಮಾತ್ರ ಭಿನ್ನ. ದೇವರು ಒಬ್ಬನೇ ಎಂದು ಸಾರುವ ಧರ್ಮೋಪದೇಶಕಾಂಡ 6:4ರಲ್ಲಿ ದಾಲೆತ್ ಅನ್ನೂ, ಬೇರೆ ದೇವರಿಗೆ ಅಡ್ಡಬೀಳಬಾರದೆಂಬ ವಿಮೋಚನಕಾಂಡ 34:14ರಲ್ಲಿ ರೇಶ್ ಅನ್ನೂ ಸಂಪ್ರದಾಯದಂತೆ ದೊಡ್ಡದಾಗಿ ಬರೆಯುತ್ತಾರೆ. ಈ ಗೊಂದಲವನ್ನು ತಪ್ಪಿಸುವುದೇ ಇದರ ಉದ್ದೇಶವೆಂಬ ವಿವರಣೆ ಪ್ರಚಲಿತವಾಗಿದೆ. ಸಾಂಪ್ರದಾಯಿಕ ಎಣಿಕೆಯಂತೆ ತೋರಾ ಸುರುಳಿಯಲ್ಲಿ 3,04,805 ಅಕ್ಷರಗಳಿವೆ. ಒಂದು ಅಕ್ಷರ ಕೆಟ್ಟಿದ್ದರೂ ತಿದ್ದುವವರೆಗೆ ಆ ಸುರುಳಿಯನ್ನು ವಿಧಿಪೂರ್ವಕ ಪಠಣಕ್ಕೆ ಬಳಸುವಂತಿಲ್ಲ.

ಸ್ವರಚಿಹ್ನೆಗಳು

ಆಲೆಫ್, ಹೇ, ವಾವ್, ಯೋದ್ ಅಕ್ಷರಗಳನ್ನು ಕೆಲವೆಡೆ ಸ್ವರಸೂಚಕಗಳಾಗಿ ಬಳಸುವ ಪದ್ಧತಿ ಪ್ರಾಚೀನವಾದುದು. ಆದರೆ ಪೂರ್ಣ ಸ್ವರವ್ಯವಸ್ಥೆಯಾದ 'ನಿಕ್ಕುದ್' ರೂಪುಗೊಂಡದ್ದು ತಿಬೇರಿಯದ ಮಸೊರೇತ್ ವಿದ್ವಾಂಸರಿಂದ, ಕ್ರಿ.ಶ. ಮೊದಲ ಸಹಸ್ರಮಾನದ ಉತ್ತರಾರ್ಧದಲ್ಲಿ. ಪವಿತ್ರ ಪಠ್ಯದ ಅಕ್ಷರಗಳನ್ನು ಮುಟ್ಟದೆಯೇ ಪಾರಂಪರಿಕ ಉಚ್ಚಾರವನ್ನು ಉಳಿಸಬೇಕಾಗಿದ್ದರಿಂದ ಚಿಹ್ನೆಗಳನ್ನು ಅಕ್ಷರಗಳ ಕೆಳಗೆ, ಮೇಲೆ ಮತ್ತು ಒಳಗೆ ಇಡಲಾಯಿತು. ಅಕ್ಷರದ ಕೆಳಗಿನ ಅಡ್ಡಗೆರೆ 'ಅ', ಒಂದು ಚುಕ್ಕೆ 'ಇ', ತ್ರಿಕೋನಾಕಾರದ ಮೂರು ಚುಕ್ಕೆಗಳು 'ಎ' ಸ್ವರವನ್ನು ಸೂಚಿಸುತ್ತವೆ. 1008ರ ಲೆನಿನ್‌ಗ್ರಾಡ್ ಹಸ್ತಪ್ರತಿಯು ಈ ಚಿಹ್ನೆಗಳುಳ್ಳ ಸಂಪೂರ್ಣ ಹೀಬ್ರೂ ಬೈಬಲ್ ಪ್ರತಿಗಳಲ್ಲಿ ಅತ್ಯಂತ ಹಳೆಯದು.

ಓದುವ ಕಲಿಕೆ

ಮಕ್ಕಳ ಪುಸ್ತಕ, ಪ್ರಾರ್ಥನಾಪುಸ್ತಕ ಮತ್ತು ಕವಿತೆಗಳಲ್ಲಿ ಸ್ವರಚಿಹ್ನೆಗಳನ್ನು ಮುದ್ರಿಸುತ್ತಾರೆ. ಪತ್ರಿಕೆಗಳು ಹಾಗೂ ಸಾಮಾನ್ಯ ಗ್ರಂಥಗಳಲ್ಲಿ ಅವು ಇರುವುದಿಲ್ಲ. ಹೀಗಾಗಿ ಹೀಬ್ರೂ ಓದು ಎರಡು ಹಂತಗಳಲ್ಲಿ ಸಾಗುತ್ತದೆ: ಮೊದಲು ಚಿಹ್ನೆಗಳ ನೆರವಿನಿಂದ ಅಕ್ಷರಗಳನ್ನು ಕೂಡಿಸಿ ಓದುವುದು, ಅನಂತರ ಅವುಗಳಿಲ್ಲದೆ ಪದವನ್ನು ಗುರುತಿಸುವುದು. ಸಾಮೆಖ್, ಪೇ, ರೇಶ್ ಎಂಬ ಮೂರು ಅಕ್ಷರಗಳನ್ನು 'ಸೇಫೆರ್' (ಪುಸ್ತಕ), 'ಸಪಾರ್' (ಕ್ಷೌರಿಕ) ಅಥವಾ 'ಸಫಾರ್' (ಎಣಿಸಿದನು) ಎಂದು ಓದಬಹುದು. ಸರಿಯಾದುದನ್ನು ವಾಕ್ಯದ ಸಂದರ್ಭವೇ ನಿರ್ಧರಿಸುತ್ತದೆ. ಆದ್ದರಿಂದ ಅಕ್ಷರಜ್ಞಾನದ ಜೊತೆಗೆ ಭಾಷಾಜ್ಞಾನವೂ ಬೆಳೆಯದೆ ಇಲ್ಲಿ ಓದು ಪೂರ್ಣವಾಗದು.

ತೋರಾ ಸುರುಳಿಯಲ್ಲೂ ಸ್ವರಚಿಹ್ನೆಗಳಿಲ್ಲ. ಬಾರ್ ಮಿತ್ಸ್ವಾ ಸಂದರ್ಭದಲ್ಲಿ ಸುರುಳಿಯಿಂದ ಓದುವ 13 ವರ್ಷದ ಬಾಲಕನು ತನ್ನ ಭಾಗವನ್ನು ಚಿಹ್ನೆಗಳಿರುವ ಪುಸ್ತಕದಲ್ಲಿ ಮೊದಲೇ ಅಭ್ಯಾಸ ಮಾಡುತ್ತಾನೆ. ಮಧ್ಯಯುಗದ ಯುರೋಪಿನ ಯೆಹೂದಿ ಸಮುದಾಯಗಳಲ್ಲಿ ಅಕ್ಷರಾಭ್ಯಾಸದ ದಿನ ಅಕ್ಷರಗಳ ಮೇಲೆ ಜೇನು ಸವರಿ ಮಗುವಿಗೆ ನೆಕ್ಕಿಸುವ ರೂಢಿಯಿತ್ತು. ಕೈಬರಹದ ಅಕ್ಷರಗಳು ಮುದ್ರಿತ ರೂಪಕ್ಕಿಂತ ಸಾಕಷ್ಟು ಭಿನ್ನವಾಗಿರುವುದರಿಂದ ಅವುಗಳನ್ನು ಪ್ರತ್ಯೇಕವಾಗಿ ಕಲಿಯಬೇಕಾಗುತ್ತದೆ.

ಸಂಖ್ಯಾಮೌಲ್ಯ

ಅಕ್ಷರಗಳು ಅಂಕಿಗಳಾಗಿಯೂ ಬಳಕೆಯಾಗುತ್ತವೆ: ಆಲೆಫ್ 1, ಯೋದ್ 10, ಕೋಫ್ 100, ತಾವ್ 400. 15 ಮತ್ತು 16ನ್ನು 10ರೊಡನೆ 5 ಅಥವಾ 6 ಸೇರಿಸಿ ಬರೆದರೆ ದೇವರ ನಾಮದ ಅಕ್ಷರಗಳು ಬರುವುದರಿಂದ, ಅವುಗಳನ್ನು 9+6 ಮತ್ತು 9+7 ಎಂದು ಬರೆಯುವ ಸಂಪ್ರದಾಯವಿದೆ.